ಕಡಲಿಗೆ ಇಳಿಯುವ ಮುನ್ನ



ಈಚಿನ ವರ್ಷಗಳಲ್ಲಿ ನೀವು ನನಗೆ ಕಳುಹಿಸುವ ಪ್ರವಾಸದ ಚಿತ್ರಗಳಲ್ಲಿ ಹೊಸ ಬಗೆಯೊಂದು ಸೇರಿಕೊಂಡಿದೆ. ಮೊದಲೆಲ್ಲ ತಾಜಮಹಲಿನ ಎದುರಿಗೋ ಬೇಲೂರಿನ ಶಿಲಾಬಾಲಿಕೆಯ ಪಕ್ಕದಲ್ಲೋ ನಿಂತ ಚಿತ್ರಗಳು ಬರುತ್ತಿದ್ದವು. ಈಗ ಥಾಯ್ಲೆಂಡ್, ಮಾಲ್ಡೀವ್ಸ್, ಬಾಲಿ, ಅಂಡಮಾನ್, ನಮ್ಮದೇ ಮುರುಡೇಶ್ವರದ ಬಳಿಯ ನೇತ್ರಾಣಿ ಮುಂತಾದ ಕಡೆಗಳಿಂದ ನೀಲಿ ನೀರಿನೊಳಗಿನ ಚಿತ್ರಗಳು ಬರುತ್ತಿವೆ. ಬೆನ್ನಿಗೆ ಸಿಲಿಂಡರು, ಕಣ್ಣಿಗೆ ಗಾಜಿನ ಮಾಸ್ಕು, ಬಾಯಲ್ಲಿ ಕೊಳವೆ, ಸುತ್ತ ಬಣ್ಣಬಣ್ಣದ ಮೀನುಗಳು. ನೋಡಿ ಸಂತೋಷಪಡುತ್ತೇನೆ. ಆದರೆ ಆ ಚಿತ್ರಗಳಲ್ಲಿ ಬಹುಪಾಲು ಮಂದಿ ಹೆಬ್ಬೆರಳನ್ನು ಮೇಲೆತ್ತಿ 'ಭೇಷ್' ಎಂಬಂತೆ ತೋರಿಸಿರುತ್ತೀರಿ. ಮುಳುಗುಗಾರರ ಸಂಜ್ಞಾಭಾಷೆಯಲ್ಲಿ ಅದರ ಅರ್ಥ 'ಭೇಷ್' ಎಂದಲ್ಲ. 'ನಾನು ಮೇಲಕ್ಕೆ ಹೋಗಬೇಕು, ಈ ಮುಳುಗನ್ನು ಇಲ್ಲಿಗೇ ನಿಲ್ಲಿಸೋಣ' ಎಂದು. ಎಲ್ಲವೂ ಸರಿಯಾಗಿದೆ ಎನ್ನಬೇಕಾದರೆ ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ಸೊನ್ನೆಯ ಆಕಾರ ಮಾಡಬೇಕು.

ಇದು ಸಣ್ಣ ವಿಷಯವೆಂದು ನಿಮಗೆ ಅನ್ನಿಸಬಹುದು. ಆದರೆ ಮಾತಿಗೆ ಅವಕಾಶವೇ ಇಲ್ಲದ ಸ್ಥಳಕ್ಕೆ ಇಳಿದವರಿಗೆ ಅಲ್ಲಿನ ಮೊದಲ ಅಕ್ಷರವನ್ನೇ ಯಾರೂ ಕಲಿಸಿಲ್ಲ, ಅಥವಾ ಕಲಿಸಿದ್ದು ಮನಸ್ಸಿಗೆ ಇಳಿದಿಲ್ಲ ಎಂದು ಅದು ಹೇಳುತ್ತದೆ. ಕಲಿಯದೆ ನೋಡಿ ಬರುವುದಕ್ಕೂ ಕಲಿತು ನೋಡುವುದಕ್ಕೂ ಇರುವ ಅಂತರವನ್ನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಕಂಡವನು ನಾನು. ನೀರಿನ ವಿಷಯದಲ್ಲಿ ಆ ಅಂತರ ಅಂಕಪಟ್ಟಿಗೆ ನಿಲ್ಲುವುದಿಲ್ಲ, ಪ್ರಾಣದವರೆಗೂ ಹೋಗಬಹುದು. ಅದಕ್ಕಾಗಿಯೇ ಈ ಲೇಖನ.

ಶಿರಾ ಸೀಮೆಯ ನಾವು ಕಡಲಿನ ಜನರಲ್ಲ. ಮಳೆಗಾಗಿ ಆಕಾಶ ನೋಡುತ್ತಲೇ ಬೆಳೆದವರು. ಆದರೂ ನನ್ನ ಓರಗೆಯ ಗಂಡುಹುಡುಗರಲ್ಲಿ ಈಜು ಬಾರದವರು ಅಪರೂಪವಾಗಿದ್ದರು. (ಹೆಣ್ಣುಮಕ್ಕಳಿಗೆ ಆ ಅವಕಾಶ ಸಿಗಲಿಲ್ಲವೆಂಬುದನ್ನು ಮರೆಯಲಾಗದು.) ಅದಕ್ಕೆ ಕಾರಣ ನಮ್ಮ ತೋಟಗಳ ಕಪಿಲೆ ಬಾವಿಗಳು. ಬೇಸಗೆಯ ರಜೆ ಬಂದೊಡನೆ ದೊಡ್ಡಪ್ಪನೋ ಸೋದರಮಾವನೋ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಕತ್ತಾಳೆಯ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿಯೇ ಇರುತ್ತಿತ್ತು. ದಿನ ಕಳೆದಂತೆ ಬೆಂಡು ಚಿಕ್ಕದಾಗುತ್ತಿತ್ತು, ಹಗ್ಗ ಸಡಿಲವಾಗುತ್ತಿತ್ತು. ಕೊನೆಗೊಂದು ದಿನ ಎರಡೂ ಇರುತ್ತಿರಲಿಲ್ಲ. ತಳ ಮುಟ್ಟಿ ಒಂದು ಹಿಡಿ ಕೆಸರು ತಂದು ತೋರಿಸಿದವನಿಗೆ ಆ ಬೇಸಗೆಯ ಪದವಿ ಪ್ರದಾನವಾದಂತೆ. ತಳದಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದಂತೆ ಏಕೆ ನೋಯುತ್ತಿತ್ತು ಎಂಬುದು ಮಾತ್ರ ಮುಂದೆ ಭೌತಶಾಸ್ತ್ರ ಓದಿದಾಗ ತಿಳಿಯಿತು.

ಆ ಶಾಲೆಗೆ ಪಠ್ಯಪುಸ್ತಕವಿರಲಿಲ್ಲ, ಆದರೆ ಕಟ್ಟುನಿಟ್ಟುಗಳಿದ್ದವು. ಒಬ್ಬನೇ ಬಾವಿಗೆ ಹೋಗಬಾರದು. ಉಂಡ ಹೊಟ್ಟೆಯಲ್ಲಿ ಇಳಿಯಬಾರದು. ಹೊಸಬನನ್ನು ಹಿಂದಿನಿಂದ ತಳ್ಳಬಾರದು. ಮನೆಗೆ ಹೊರಡುವ ಮೊದಲು ತಲೆ ಎಣಿಸಬೇಕು. ಇವನ್ನು ಮೀರಿದವನಿಗೆ ಬೆನ್ನಿನ ಮೇಲೆ ಹುಣಿಸೆ ಬರಲು ಖಂಡಿತ.

ಮುಂದೆ ಕೊಳವೆಬಾವಿಗಳು ಬಂದವು. ತೆರೆದ ಬಾವಿಗಳ ಸೆಲೆ ಬತ್ತಿತು, ಹಲವು ಬಾವಿಗಳು ಕಸದ ಗುಂಡಿಗಳಾದವು. ಬಾವಿಯೊಂದಿಗೆ ಈಜುಶಾಲೆಯೂ ಮುಚ್ಚಿತು. ಹೇಮಾವತಿಯ ನೀರು ಬಂದು ಶಿರಾದ ದೊಡ್ಡ ಕೆರೆ ತುಂಬಿದಾಗ ಊರಿನ ಮಂದಿಯೆಲ್ಲ ನೋಡಲು ಹೋಗುತ್ತಾರೆ. ಆದರೆ ದಡದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಎಳೆಯರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು. ಹೀಗೆ ನೀರಿನ ಪರಿಚಯವೇ ತಪ್ಪಿಹೋದ ಪೀಳಿಗೆಯೊಂದು ಓದಿ, ಉದ್ಯೋಗ ಹಿಡಿದು, ಕೈಯಲ್ಲಿ ನಾಲ್ಕು ಕಾಸು ಬಂದಾಗ ಗೆಳೆಯರೊಡನೆ ವಿಮಾನ ಹತ್ತಿ ನೇರವಾಗಿ ಸಮುದ್ರದ ತಳಕ್ಕೆ ಇಳಿಯಲು ಹೊರಟಿದೆ. ನನ್ನ ಆತಂಕದ ಮೂಲ ಇದು.

ನಾನು ದೂರದಲ್ಲಿ ನಿಂತು ಉಪದೇಶ ಮಾಡುತ್ತಿಲ್ಲ. ನಿವೃತ್ತರಾದ ನಾವು ಐವರು ಗೆಳೆಯರು 2024ರಲ್ಲಿ ಇಂಡೋನೇಷ್ಯದ ಬಾಲಿ ದ್ವೀಪಕ್ಕೆ ಹೋಗಿದ್ದೆವು. ನಾಲ್ವರು ಮೇಷ್ಟ್ರುಗಳು, ಒಬ್ಬರು ಬ್ಯಾಂಕಿನವರು. ನಮ್ಮ ಶಾಲೆಯಲ್ಲಿ ಓದಿ ಈಗ ಸಿಂಗಪುರದಲ್ಲಿರುವ ಶಿಷ್ಯನೊಬ್ಬ, "ಸಾರ್, ನೀವು ಬಾವಿಯಲ್ಲಿ ಮುಳುಗಿ ಕೆಸರು ತರ್ತಿದ್ದ ಕತೆ ಎಷ್ಟು ಸಲ ಹೇಳಿದ್ದೀರಿ! ಒಂದು ಸಲ ಸಮುದ್ರದಲ್ಲಿ ಮುಳುಗಿ ನೋಡಿ" ಎಂದು ಹುರಿದುಂಬಿಸಿ ಎಲ್ಲ ಏರ್ಪಾಡು ಮಾಡಿದ್ದ. ನಾನು, ದೈಹಿಕ ಶಿಕ್ಷಣದ ಮೇಷ್ಟ್ರು, ಬ್ಯಾಂಕಿನ ಗೆಳೆಯರು ಈ ಮೂವರು ಹೊರಡುವ ಮೊದಲೇ ತುಮಕೂರಿನಲ್ಲಿ ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು ಪತ್ರ ಪಡೆದಿದ್ದೆವು. ಹಿಂದಿ ಮೇಷ್ಟ್ರು ದಡವೇ ಸಾಕೆಂದರು. ಇತಿಹಾಸದ ಮೇಷ್ಟ್ರಿಗೆ ಮಾತ್ರ ಅಲ್ಲಿಗೆ ಹೋದ ಮೇಲೆ, ನೀರಿನ ಬಣ್ಣ ನೋಡಿ, ತಾವೂ ಕಲಿಯಬೇಕೆಂಬ ಆಸೆ ಹುಟ್ಟಿತು.

ನಾವು ಕಲಿತದ್ದು ಬಾಲಿಯ ಈಶಾನ್ಯ ಕರಾವಳಿಯ ತುಲಾಂಬೆನ್ ಎಂಬ ಹಳ್ಳಿಯಲ್ಲಿ. ಹಿಂದುಗಡೆ ಅಗುಂಗ್ ಎಂಬ ಜ್ವಾಲಾಮುಖಿ ಪರ್ವತ, ಮುಂದುಗಡೆ ಮರಳಿನ ಬದಲು ಕಪ್ಪು ಗುಂಡುಕಲ್ಲುಗಳ ದಡ. ಅಲ್ಲಿ ಸಿಲಿಂಡರುಗಳನ್ನು ದಡಕ್ಕೆ ಸಾಗಿಸುವವರಲ್ಲಿ ಊರಿನ ಹೆಂಗಸರು ಬಹಳ. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ಸಿಲಿಂಡರು. ನೀರಿನ ಕೊಡ ಹೊತ್ತು ಬರುತ್ತಿದ್ದ ನಮ್ಮ ಅಕ್ಕತಂಗಿಯರ ನಡಿಗೆಯೇ ನೆನಪಾಯಿತು.

ನಮ್ಮ ಗುರು ಇಪ್ಪತ್ತಾರರ ಹರೆಯದ ಬಾಲಿಯ ಯುವಕ. ನೀರಿಗಿಳಿಸುವ ಮೊದಲು ಅವನು ನಮ್ಮ ಮುಂದಿಟ್ಟದ್ದು ಆರೋಗ್ಯದ ಪ್ರಶ್ನಾವಳಿ. ಅದರಲ್ಲಿ ಹತ್ತು ಮುಖ್ಯ ಪ್ರಶ್ನೆಗಳು: ಶ್ವಾಸಕೋಶ, ಹೃದಯ, ಕಿವಿ, ಮೂರ್ಛೆ, ಮಧುಮೇಹ ಇತ್ಯಾದಿ. ವಯಸ್ಸು 45 ದಾಟಿದೆಯೇ ಎಂಬುದೂ ಒಂದು ಪ್ರಶ್ನೆ. ದಾಟಿದ್ದರೆ ಧೂಮಪಾನ, ಕೊಲೆಸ್ಟರಾಲ್, ರಕ್ತದ ಒತ್ತಡ, ಮನೆತನದ ಹೃದ್ರೋಗ ಇವುಗಳ ಬಗ್ಗೆ ಉಪಪ್ರಶ್ನೆಗಳು. ಅಂಥವುಗಳಲ್ಲಿ ಒಂದಕ್ಕೆ 'ಹೌದು' ಎಂದರೂ ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗೆ ಇಳಿಯುವಂತಿಲ್ಲ.

ಇತಿಹಾಸದ ಮೇಷ್ಟ್ರು ಹಲವು ವರ್ಷಗಳಿಂದ ರಕ್ತದ ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಲೇಖನಿ ಹಿಡಿದು ಅವರು ಆ ಪ್ರಶ್ನೆಯ ಮುಂದೆ ನಿಂತಾಗ ನಮ್ಮವರಲ್ಲೇ ಒಬ್ಬರು, "ಇಲ್ಲ ಅಂತ ಹಾಕಿ ಮೇಷ್ಟ್ರೇ. ಇಷ್ಟು ದೂರ ಬಂದಿದ್ದೀವಿ, ಇಲ್ಲಿ ಯಾರು ನೋಡ್ತಾರೆ?" ಎಂದರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಗೆಳೆಯನೊಬ್ಬ ಹೊರಗುಳಿಯಬಾರದೆಂಬ ಪ್ರೀತಿಯೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು 'ಹೌದು' ಎಂದು ಬರೆದು ಮುಗಿಸಿದ್ದರು. "ಪರೀಕ್ಷೆ ಕೊಠಡಿಯಲ್ಲಿ ಮೂವತ್ತು ವರ್ಷ ನಕಲು ಹಿಡಿದವನು ನಾನು. ಈಗ ನಾನೇ ನಕಲು ಮಾಡಲಾ?" ಎಂದರು. ಅಲ್ಲಿನ ವೈದ್ಯರು ಪರೀಕ್ಷಿಸಿ, ಸದ್ಯಕ್ಕೆ ಬೇಡವೆಂದರು. ಮೇಷ್ಟ್ರು ತಲೆಯಾಡಿಸಿ ಒಪ್ಪಿಕೊಂಡರು.

ಆ ನಾಲ್ಕು ದಿನ ಅವರು ದಡದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಅಲ್ಲಿ ನೀರಿನಡಿ ಮಲಗಿರುವ ಲಿಬರ್ಟಿ ಎಂಬ ಹಡಗಿನ ಚರಿತ್ರೆಯನ್ನೆಲ್ಲ ಸಂಗ್ರಹಿಸಿ ನಮಗೆ ಪಾಠ ಮಾಡಿದರು. ಅದು ಅಮೆರಿಕದ ಸರಕು ಹಡಗು. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯೊಂದು ಲೊಂಬೊಕ್ ಜಲಸಂಧಿಯ ಬಳಿ ಅದಕ್ಕೆ ಟಾರ್ಪೆಡೊ ಹೊಡೆಯಿತು. ಎಳೆದು ತರುವಾಗ ನೀರು ತುಂಬಿದ್ದರಿಂದ ಅದನ್ನು ತುಲಾಂಬೆನ್ನಿನ ದಡಕ್ಕೆ ಹತ್ತಿಸಿ ಬಿಟ್ಟರು. 1963ರಲ್ಲಿ ಅಗುಂಗ್ ಸ್ಫೋಟಿಸಿದಾಗ ದಡದಲ್ಲಿದ್ದ ಆ ಹಡಗು ಮತ್ತೆ ನೀರಿಗೆ ಜಾರಿತು. ಈಗ ಅದರ ಮೈತುಂಬ ಹವಳ, ಹೊಟ್ಟೆತುಂಬ ಮೀನು. ಒಳಗೆ ಇಳಿದು ನೋಡಿದ ನಮಗಿಂತ ಆ ಹಡಗು ದಡದಲ್ಲಿದ್ದ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಪ್ರಶ್ನಾವಳಿಯನ್ನು ಸುಮ್ಮನೆ ಶಿಷ್ಟಾಚಾರವೆಂದು ತಿಳಿಯುವವರಿಗಾಗಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ. ಹಳೆಯ ಚಟ, ಸಹಿಸಿಕೊಳ್ಳಿ.

ಸ್ಕೂಬಾ ಎಂದರೆ ಉಸಿರಾಡಲು ಬೇಕಾದ ಗಾಳಿಯನ್ನು ಮುಳುಗುವವನು ತನ್ನೊಂದಿಗೇ ಹೊತ್ತೊಯ್ಯುವ ವ್ಯವಸ್ಥೆ. ಫ್ರಾನ್ಸಿನ ಝಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಉಪಕರಣದಿಂದ ಇದು ಜನಪ್ರಿಯವಾಯಿತು. ಪತ್ರಿಕೆಗಳಲ್ಲಿ 'ಆಮ್ಲಜನಕದ ಸಿಲಿಂಡರು' ಎಂದು ಬರೆಯುವುದುಂಟು. ಆದರೆ ಪ್ರವಾಸಿಗರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೆ. ಬಾಯಲ್ಲಿರುವ ರೆಗ್ಯುಲೇಟರು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಕೊಡುತ್ತದೆ.

ಸಮುದ್ರದಲ್ಲಿ ಪ್ರತಿ 10 ಮೀಟರು ಕೆಳಗಿಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು. 1662ರಲ್ಲಿ ಪ್ರಕಟವಾದ ಬಾಯ್ಲನ ನಿಯಮವನ್ನು ನೀವೆಲ್ಲ ನನ್ನ ತರಗತಿಯಲ್ಲಿ ಕಂಠಪಾಠ ಮಾಡಿದ್ದೀರಿ: ಉಷ್ಣತೆ ಬದಲಾಗದಿದ್ದಾಗ ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ. ಈಗ ಅದನ್ನು ತಿರುಗಿಸಿ ನೋಡಿ. 10 ಮೀಟರು ಆಳದಲ್ಲಿ ಎದೆತುಂಬ ಉಸಿರೆಳೆದುಕೊಂಡವನು ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ, ಆ ಗಾಳಿ ಎರಡರಷ್ಟಾಗಲು ಹವಣಿಸುತ್ತದೆ. ಶ್ವಾಸಕೋಶ ರಬ್ಬರಿನ ಚೀಲವಲ್ಲ, ಹರಿದುಹೋಗಬಹುದು. ಬಾವಿಯಲ್ಲಿ ಮೇಲಿನ ಗಾಳಿಯನ್ನೇ ಎಳೆದುಕೊಂಡು ಮುಳುಗಿದವನಿಗೆ ಈ ಅಪಾಯವಿಲ್ಲ, ಅವನು ಕೊಂಡೊಯ್ದ ಗಾಳಿ ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಆದ್ದರಿಂದಲೇ ಸ್ಕೂಬಾದ ಮೊದಲ ಸೂತ್ರ: ಎಂದಿಗೂ ಉಸಿರು ಬಿಗಿಹಿಡಿಯಬೇಡ. 'ಉಸಿರು ಕಟ್ಟಿ ಮುಳುಗು' ಎಂದು ಬಾವಿಯಲ್ಲಿ ಕಲಿತ ನಮಗೆ ಇದನ್ನು ಮೈಗೂಡಿಸಿಕೊಳ್ಳಲು ಒಂದು ಇಡೀ ದಿನ ಹಿಡಿಯಿತು.

ಎರಡನೆಯದು ಸಾರಜನಕ. ಗಾಳಿಯಲ್ಲಿ ಶೇಕಡಾ 78ರಷ್ಟು ಅದೇ. ಒತ್ತಡದಲ್ಲಿ ಅದು ರಕ್ತ ಮಾಂಸಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಗೋಲಿ ಸೋಡಾ ನೆನೆಸಿಕೊಳ್ಳಿ. ಗೋಲಿ ಒತ್ತುವವರೆಗೂ ನೀರು ತಿಳಿ, ಒತ್ತಿದೊಡನೆ ಬುರುಬುರು ಗುಳ್ಳೆ. ಸರಸರನೆ ಮೇಲೆ ಬಂದ ಮುಳುಗುಗಾರನ ಮೈಯಲ್ಲಿಯೂ ಹೀಗೆ ಗುಳ್ಳೆಗಳೇಳಬಹುದು. ಅದಕ್ಕಾಗಿ ನಿಧಾನವಾಗಿ ಏರಬೇಕು. ಅದಕ್ಕಾಗಿಯೇ ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಲ ವಿಮಾನ ಹತ್ತಬಾರದು, ಒಂದೇ ಸಲ ಮುಳುಗಿದ್ದರೂ 12 ಗಂಟೆ ತಡೆಯಬೇಕು ಎಂಬ ಕಟ್ಟಳೆ. ಬೆಳಿಗ್ಗೆ ಮುಳುಗಿ, ಸಂಜೆ ವಿಮಾನ ಹಿಡಿದು, ಸೋಮವಾರ ಕಚೇರಿಗೆ ಹಾಜರಾಗುವ ಲೆಕ್ಕಾಚಾರದವರು ಇದನ್ನು ಗಮನಿಸಬೇಕು.

ನೋಡಿ, ಇದು ಯಾವುದೂ ದೊಡ್ಡ ವಿದ್ಯೆಯಲ್ಲ. ಒಂಬತ್ತನೆಯ ತರಗತಿಯ ಹುಡುಗನಿಗೆ ಅರ್ಥವಾಗುತ್ತದೆ. ಆದರೆ ಅರ್ಥವಾಗಲು ಯಾರಾದರೂ ಹೇಳಬೇಕು, ಹೇಳಲು ಸಮಯ ಬೇಕು. ಪ್ರವಾಸಿ ತಾಣಗಳಲ್ಲಿ ಸಿಗುವುದು ಎರಡು ಬಗೆ. ಒಂದು, ಅಲ್ಪಸ್ವಲ್ಪ ಹೇಳಿಕೊಟ್ಟು, ಶಿಕ್ಷಕನೇ ಕೈಹಿಡಿದು 12 ಮೀಟರಿನೊಳಗೆ ಸುತ್ತಾಡಿಸಿ ತರುವ ಪರಿಚಯದ ಮುಳುಗು. ಇನ್ನೊಂದು, ಮೂರು ನಾಲ್ಕು ದಿನ ಪಾಠ, ಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಮುಳುಗುಗಳೊಂದಿಗೆ 18 ಮೀಟರಿನವರೆಗೆ ಅರ್ಹತೆ ಕೊಡುವ ಪೂರ್ಣ ಶಿಕ್ಷಣ. ಎರಡನೆಯದಕ್ಕೆ 200 ಮೀಟರು ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಮೊದಲನೆಯದಕ್ಕೆ ಈಜೇ ಬೇಕಿಲ್ಲವೆಂದು ಜಾಹೀರಾತುಗಳು ಸಾರುತ್ತವೆ. ಒಳ್ಳೆಯ ಶಿಕ್ಷಕನಿದ್ದರೆ, ಪ್ರಾಮಾಣಿಕವಾಗಿ ನಡೆಸಿದರೆ ಅದರಲ್ಲಿ ತಪ್ಪಿಲ್ಲ. ಆದರೆ 'ಈಜು ಬೇಕಿಲ್ಲ' ಎಂಬುದು 'ಏನೂ ತಿಳಿಯಬೇಕಿಲ್ಲ' ಎಂದಾಗಿಬಿಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನೇತ್ರಾಣಿಯ ವಿಷಯಕ್ಕೂ ಇದೇ ಮಾತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ಆ ಪುಟ್ಟ ದ್ವೀಪದ ಸುತ್ತ ಹವಳ, ಮೀನು, ತಿಳಿನೀರು ಎಲ್ಲವೂ ಇವೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಗೆ ಬಂದ ಮೇಲೆ ನಮ್ಮ ನಾಡಿನ ಕಡಲಿನೊಳಗೂ ಇಂಥ ಲೋಕವಿದೆಯೆಂದು ಊರೂರಿನ ಮಕ್ಕಳಿಗೆ ತಿಳಿಯಿತು. ಒಳ್ಳೆಯದೇ. ಆದರೆ ಅದೇ ಮುರುಡೇಶ್ವರದ ದಡದಲ್ಲಿ 2024ರ ಡಿಸೆಂಬರಿನಲ್ಲಿ, ಶಾಲಾ ಪ್ರವಾಸಕ್ಕೆಂದು ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕೋಲಾರವೂ ನಮ್ಮಂತೆಯೇ ಬಯಲುಸೀಮೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಗೆಳತಿಯರ ಕೈಹಿಡಿದು ಸಂತೋಷದಿಂದ ನೀರಿಗೆ ಹೋದ ಮಕ್ಕಳು. ಸ್ಕೂಬಾ ಬೇರೆ, ದಡದ ಅಲೆ ಬೇರೆ ನಿಜ. ಆದರೆ ನೀರಿನ ಗುಣವನ್ನೇ ಅರಿಯದೆ ನೀರಿನ ಎದುರು ನಿಲ್ಲುವ ನಮ್ಮ ಸ್ಥಿತಿ ಎರಡೂ ಕಡೆ ಒಂದೇ.

ಇನ್ನು ಗೆಳೆತನದ ಮಾತು. ಸ್ಕೂಬಾದಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನಿರುತ್ತಾನೆ. ಇಳಿಯುವ ಮೊದಲು ಒಬ್ಬರ ಉಪಕರಣವನ್ನು ಇನ್ನೊಬ್ಬರು ಪರೀಕ್ಷಿಸಬೇಕು: ಸಿಲಿಂಡರು ತೆರೆದಿದೆಯೇ, ಪಟ್ಟಿ ಬಿಗಿಯಾಗಿದೆಯೇ, ಗಾಳಿ ಎಷ್ಟಿದೆ. ನೀರಿನೊಳಗೆ ಕೈಯಳತೆಯ ದೂರ ಬಿಡಬಾರದು. ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬನ ಸಿಲಿಂಡರಿನಿಂದ ಇಬ್ಬರೂ ಉಸಿರಾಡುತ್ತ ಮೇಲೆ ಬರಬೇಕು. ಬಾವಿಯ ದಡದಲ್ಲಿ ಹಗ್ಗ ಹಿಡಿದು ನಿಂತಿದ್ದ ಸೋದರಮಾವನ ಕೆಲಸವೇ ಇದು.

ನನ್ನ ಜೊತೆಗಾರರು ದೈಹಿಕ ಶಿಕ್ಷಣದ ಮೇಷ್ಟ್ರು. ಅವರ ಸೀಟಿಯ ಸದ್ದಿಗೆ ಇಡೀ ಮೈದಾನ ನಡುಗುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. ಸಮುದ್ರದ ಎರಡನೆಯ ಮುಳುಗಿನಲ್ಲಿ ಆರು ಮೀಟರಿಗೆ ಇಳಿಯುವಷ್ಟರಲ್ಲಿ ಅವರು ಅಂಗೈಯನ್ನು ಅತ್ತಿತ್ತ ಆಡಿಸಿ 'ಏನೋ ಸರಿಯಿಲ್ಲ' ಎಂದು ತೋರಿಸಿ, ಕಿವಿ ಮುಟ್ಟಿಕೊಂಡರು. ಸ್ವಲ್ಪ ಮೇಲೇರಿ, ಮೂಗು ಹಿಡಿದು ಮೆಲ್ಲನೆ ಊದಿ ಕಿವಿ ಬಿಡಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಆಗ ಹೆಬ್ಬೆರಳು ಮೇಲಕ್ಕೆತ್ತಿದರು. ಗುರು ಮರುಮಾತಿಲ್ಲದೆ ಅದೇ ಸಂಜ್ಞೆ ಮಾಡಿದ. ಮೂವರೂ ಅವರೊಂದಿಗೆ ನಿಧಾನವಾಗಿ ಮೇಲೆ ಬಂದೆವು.

ದೋಣಿಯೂ ಇಲ್ಲ, ಅಲೆಯೂ ಇಲ್ಲ, ಕೂಗಾಟವೂ ಇಲ್ಲ. ಹತ್ತೇ ನಿಮಿಷದಲ್ಲಿ ಮುಗಿದ ಆ ಮುಳುಗು ಶಿಕ್ಷಣದ ಲೆಕ್ಕಕ್ಕೆ ಬರುವುದಿಲ್ಲವೆಂದೂ ಇನ್ನೊಂದು ದಿನ ಮತ್ತೆ ಮಾಡಬೇಕೆಂದೂ ಗುರು ಹೇಳಿದ. ಬ್ಯಾಂಕಿನವರಿಗೆ ದುಡ್ಡಿನ ಚಿಂತೆ. ಆದರೂ ಯಾರೂ ಹಾಸ್ಯ ಮಾಡಲಿಲ್ಲ, "ಇನ್ನೊಂಚೂರು ತಡಕೊಳ್ಳೋದಲ್ವಾ" ಎನ್ನಲಿಲ್ಲ. ತಡೆದುಕೊಂಡಿದ್ದರೆ ಕಿವಿಯ ತಮಟೆ ಹರಿಯುತ್ತಿತ್ತೇನೋ. ಗುರು ಆಗ ಹೇಳಿದ್ದು ಮುಳುಗುಗಾರರೆಲ್ಲರ ನಡುವೆ ಪ್ರಚಲಿತವಾಗಿರುವ ಒಂದು ಕಟ್ಟಳೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಮುಳುಗನ್ನು ನಿಲ್ಲಿಸಬಹುದು. ಕಾರಣ ಕೇಳಿ ಯಾರೂ ಛೇಡಿಸುವಂತಿಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ನಾಡಿನ ಗೆಳೆತನದ ರೀತಿ ನೆನಪಾಯಿತು. "ಬಾರೋ, ಏನಾಗಲ್ಲ." "ನೀನೊಬ್ಬ ಬರಲಿಲ್ಲ ಅಂದ್ರೆ ಮಜಾನೇ ಇರಲ್ಲ." "ಇಷ್ಟಕ್ಕೆಲ್ಲ ಹೆದರ್ತೀಯಾ?" ಈ ಮೂರು ಮಾತುಗಳು ನಮ್ಮ ಕೆರೆಕಟ್ಟೆಗಳಲ್ಲಿ, ಜಲಪಾತಗಳಲ್ಲಿ, ಕಡಲ ದಡಗಳಲ್ಲಿ ಎಷ್ಟು ಮನೆಗಳ ದೀಪ ಆರಿಸಿವೆಯೋ! ಗುಂಪಿನಲ್ಲಿ 'ನನಗೆ ಬೇಡ' ಎನ್ನುವುದು ನಮ್ಮಲ್ಲಿ ಹೇಡಿತನವೆನಿಸಿಕೊಳ್ಳುತ್ತದೆ. ನಿಜವಾಗಿ ಅದಕ್ಕೇ ಹೆಚ್ಚು ಎದೆಗಾರಿಕೆ ಬೇಕು. ಆ ಪ್ರವಾಸದಲ್ಲಿ ಅತ್ಯುತ್ತಮ ವಿದ್ಯಾರ್ಥಿಗಳಾರೆಂದು ನನ್ನನ್ನು ಕೇಳಿದರೆ, ಪ್ರಮಾಣಪತ್ರ ಪಡೆದ ನನ್ನ ಹೆಸರನ್ನು ಹೇಳುವುದಿಲ್ಲ. ನಿಜ ಬರೆದು ದಡದಲ್ಲಿ ಉಳಿದ ಇತಿಹಾಸದ ಮೇಷ್ಟ್ರು, ಅರ್ಧದಲ್ಲಿ ಹೆಬ್ಬೆರಳೆತ್ತಿದ ದೈಹಿಕ ಶಿಕ್ಷಣದ ಮೇಷ್ಟ್ರು, ಇವರಿಬ್ಬರನ್ನು ಹೇಳುತ್ತೇನೆ. ಎರಡನೆಯವರು ಒಂದು ದಿನ ವಿಶ್ರಾಂತಿ ಪಡೆದು, ವೈದ್ಯರಿಗೆ ಕಿವಿ ತೋರಿಸಿ, ಉಳಿದ ಮುಳುಗುಗಳನ್ನೂ ಮುಗಿಸಿದರೆಂಬುದನ್ನು ಸೇರಿಸದಿದ್ದರೆ ಅವರು ನನ್ನನ್ನು ಬಿಡುವುದಿಲ್ಲ.

"ಇದೆಲ್ಲ ಹಣವಂತರ ಚಪಲ ಮೇಷ್ಟ್ರೇ, ನಮ್ಮ ಹಳ್ಳಿಯ ಮಕ್ಕಳಿಗೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸ್ಕೂಬಾ ಎಲ್ಲರಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಮೊದಲ ಮೆಟ್ಟಿಲಾದ ಈಜು ಮಾತ್ರ ಎಲ್ಲರಿಗೂ ಬೇಕು. 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ವರ್ಷದಿಂದಲೇ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ಇಲ್ಲಿ ನೀರಿಲ್ಲ, ಈಜೇಕೆ ಎಂಬ ವಾದವೂ ನಿಲ್ಲುವುದಿಲ್ಲ. ಬಾವಿ ಬತ್ತಿದ ಸೀಮೆಯಲ್ಲಿ ಈಗ ಹೊಲಹೊಲಕ್ಕೆ ಕೃಷಿ ಹೊಂಡಗಳಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಅವುಗಳ ಇಳಿಜಾರಿನಲ್ಲಿ ಒಮ್ಮೆ ಕಾಲು ಜಾರಿದರೆ ಹಿಡಿಯಲು ಕಲ್ಲೂ ಇಲ್ಲ, ಬೇರೂ ಇಲ್ಲ. ಕಪಿಲೆ ಬಾವಿಗಾದರೂ ಮೆಟ್ಟಿಲಿರುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಒಂದು ಬೇಸಗೆಯಲ್ಲಾದರೂ ಪ್ರತಿ ಮಗುವಿಗೂ, ಹೆಣ್ಣುಮಕ್ಕಳನ್ನೂ ಒಳಗೊಂಡು, ಈಜು ಕಲಿಸಬೇಕು. ತಾಲ್ಲೂಕಿಗೊಂದು ಸಾಧಾರಣ ಕೊಳ, ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ ಇದ್ದರೆ ಸರದಿಯ ಮೇಲೆ ಇದು ಸಾಧ್ಯ. ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಹಳೆಯ ವಿದ್ಯಾರ್ಥಿಗಳ ಸಂಘಗಳು ಶಾಲೆಗೆ ಗಡಿಯಾರ, ಬೀರು, ಧ್ವನಿವರ್ಧಕ ಕೊಡುತ್ತಲೇ ಬಂದಿವೆ. ಒಂದು ವರ್ಷ ಅದರ ಬದಲು ಇಪ್ಪತ್ತು ಮಕ್ಕಳಿಗೆ ತುಮಕೂರಿನಲ್ಲಿ ಈಜಿನ ತರಬೇತಿ ಕೊಡಿಸಿ ನೋಡಿ.

ಇನ್ನು ವಿದೇಶಕ್ಕೆ ಹೊರಡುವ ನಿಮಗೆ ನನ್ನ ಕೋರಿಕೆ ಇಷ್ಟು. ಟಿಕೇಟು ಕಾದಿರಿಸುವ ಮೊದಲು ಈಜು ಕಲಿಯಿರಿ. ನಿಮ್ಮ ಊರಿನ ವೈದ್ಯರಿಗೆ ಮೈ ತೋರಿಸಿಕೊಳ್ಳಿ. ನೆಗಡಿಯಿದ್ದರೆ ಇಳಿಯಬೇಡಿ. ಪ್ರಶ್ನಾವಳಿಯಲ್ಲಿ ನಿಜವನ್ನೇ ಬರೆಯಿರಿ, ಅದನ್ನು ಕೇಳದೆ ನೀರಿಗಿಳಿಸುವವರಿಂದ ದೂರವಿರಿ. ಸಾಧ್ಯವಾದರೆ ಅರ್ಧ ದಿನದ ಚಿತ್ರಕ್ಕಿಂತ ನಾಲ್ಕು ದಿನದ ಕಲಿಕೆಯನ್ನು ಆರಿಸಿಕೊಳ್ಳಿ. ಹಿಂದಿರುಗುವ ವಿಮಾನಕ್ಕೂ ಕೊನೆಯ ಮುಳುಗಿಗೂ ನಡುವೆ ಒಂದು ಪೂರ್ತಿ ದಿನ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಗುಂಪಿನಲ್ಲಿ ಒಬ್ಬನು 'ಬೇಡ' ಎಂದರೆ ಅದನ್ನು ಕೊನೆಯ ಮಾತೆಂದು ಒಪ್ಪಿಕೊಳ್ಳಿ, ಅವನ ಜೊತೆಗೆ ದಡದಲ್ಲಿ ಒಬ್ಬರಾದರೂ ಕುಳಿತುಕೊಳ್ಳಿ.

ನೀರಿನೊಳಗಿನ ಲೋಕ ಸುಂದರವಾಗಿದೆ. ಹಡಗಿನ ಹೊಟ್ಟೆಯಿಂದ ಗಿಳಿಮೀನುಗಳು ದನಗಳ ಮಂದೆಯಂತೆ ಸಾಲಾಗಿ ಹೊರಬಂದುದನ್ನು ಈ ವಯಸ್ಸಿನಲ್ಲಿ ಕಂಡೆನಲ್ಲ ಎಂಬ ಧನ್ಯತೆ ನನಗಿದೆ. ನೀವೂ ಕಾಣಿರಿ. ಈ ಬೇಸಗೆಯಲ್ಲಿ ಊರಿಗೆ ಬಂದಾಗ ನಿಮ್ಮ ಮಕ್ಕಳನ್ನು ಕರೆದುಕೊಂಡು ಬನ್ನಿ. ನೀರಿರುವ ತೋಟದ ಬಾವಿಗಳು ಇನ್ನೂ ಒಂದೆರಡು ಉಳಿದಿವೆ. ಹಗ್ಗ ಹಿಡಿದು ನಿಲ್ಲಲು ನಾನೂ ದೈಹಿಕ ಶಿಕ್ಷಣದ ಮೇಷ್ಟ್ರೂ ಸಿದ್ಧರಿದ್ದೇವೆ.

ನಿಮಗೆಲ್ಲ ಶುಭವಾಗಲಿ.

ನಿಮ್ಮ ವಿಜ್ಞಾನದ ಮೇಷ್ಟ್ರು